ಜೀವನಾಂಶದ ಆದೇಶ ಪ್ರಶ್ನಿಸಲು ಗಡುವು ಮುಗಿದಿದೆಯೇ? ಹೀಗೆ ಮಾಡಿ

ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದವರು ಊರಿಗೆ ಬಂದರೆ ಬಾಗಿಲಿಗೆ ಕೋರ್ಟಿನ ವಸೂಲಿ ನೋಟಿಸು ಅಂಟಿರುತ್ತದೆ. ಇನ್ನೊಂದು ಮನೆಯಲ್ಲಿ, ಮಂಜೂರಾದ ಜೀವನಾಂಶ ಮಗುವಿನ ಶಾಲೆ ಫೀಸಿಗೂ ಸಾಲದೆಂದು ತಾಯಿ ಕೊರಗುತ್ತಿರುತ್ತಾಳೆ. ಆದೇಶ ಪ್ರಶ್ನಿಸುವ ಹಕ್ಕು ಇಬ್ಬರಿಗೂ ಇದೆ. ವಕೀಲರ ಬಳಿ ಬರುವ ಹೊತ್ತಿಗೆ ತಡವಾಗಿರುವುದೂ ಇಬ್ಬರಿಗೂ ಮಾಮೂಲು.

ಮೊದಲು ಆದೇಶ ಯಾವ ಕಲಮಿನಡಿ ಆಗಿದೆ ನೋಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125 ಅಥವಾ 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 ಎಂದಿದ್ದರೆ ಅದಕ್ಕೆ ಮೇಲ್ಮನವಿ ಇಲ್ಲ, ರಿವಿಷನ್ ಅರ್ಜಿ, ಅಂದರೆ ಆದೇಶ ಕಾನೂನಿನಂತೆ ಸರಿಯಿದೆಯೇ ಪರಿಶೀಲಿಸಿ ಎಂದು ಮೇಲಿನ ಕೋರ್ಟಿಗೆ ಅರ್ಜಿ, ಹಾಕಬೇಕು. ಅವಧಿ 90 ದಿನ. ಕೌಟುಂಬಿಕ ನ್ಯಾಯಾಲಯದ ಆದೇಶವಾದರೆ ಹೋಗಬೇಕಾದದ್ದು ಹೈಕೋರ್ಟಿಗೆ. ಕಲಬುರಗಿ, ಬೀದರ್, ಯಾದಗಿರಿಯವರು ಇದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಿಲ್ಲ. 2013ರಲ್ಲಿ ಕಾಯಂ ಆದ ಕಲಬುರಗಿ ಪೀಠವೇ ಇದೆ. ಮ್ಯಾಜಿಸ್ಟ್ರೇಟರ ಆದೇಶವಾದರೆ ಸಾಮಾನ್ಯವಾಗಿ ಜಿಲ್ಲಾ ಸೆಷನ್ಸ್ ಕೋರ್ಟು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಂಥ ಸಿವಿಲ್ ಕಾನೂನಿನಡಿ ಕೌಟುಂಬಿಕ ನ್ಯಾಯಾಲಯ ಕೊಟ್ಟ ತೀರ್ಪಿಗೆ ಮೇಲ್ಮನವಿ ಉಂಟು. ಅದಕ್ಕೆ 30 ದಿನ ಎಂದೇ ಹಿಡಿದುಕೊಳ್ಳಿ.

ನೀವಿಲ್ಲದಾಗ ಏಕಪಕ್ಷೀಯವಾಗಿ ಆದೇಶ ಆಗಿದ್ದರೆ ದಾರಿ ಇನ್ನೂ ಹತ್ತಿರ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 145ರಡಿ, ಆದೇಶ ಕೊಟ್ಟ ಕೋರ್ಟಿಗೇ, ಆದೇಶದ ತಾರೀಖಿನಿಂದ ಮೂರು ತಿಂಗಳೊಳಗೆ ರದ್ದತಿಗೆ ಅರ್ಜಿ ಕೊಡಬಹುದು.

ಆಮೇಲಿನ ಕೆಲಸ ನಕಲು ಪಡೆಯುವುದು. ದೃಢೀಕೃತ ನಕಲಿಗೆ ಅರ್ಜಿ ಹಾಕಿ ಅದು ಸಿದ್ಧವಾಗುವವರೆಗಿನ ದಿನಗಳು ಗಡುವಿನ ಲೆಕ್ಕಕ್ಕೆ ಬರುವುದಿಲ್ಲ. ಆ ತಾರೀಖುಗಳು ನಕಲಿನ ಮೇಲೆಯೇ ಮುದ್ರೆಯಾಗಿರುತ್ತವೆ. ಎಷ್ಟೋ ಸಲ ಬರೀ ಇದನ್ನು ಕಳೆದರೆ ತಡವೇ ಆಗಿರುವುದಿಲ್ಲ.

ಆದರೂ ದಿನ ದಾಟಿದ್ದರೆ? ಮುಂಚಿತವಾಗಿ ಹೋಗಿ ‘ಇನ್ನಷ್ಟು ಟೈಮ್ ಕೊಡಿ’ ಎಂದು ಕೇಳುವ ಪದ್ಧತಿ ಇಲ್ಲ. ರಿವಿಷನ್ ಅಥವಾ ಮೇಲ್ಮನವಿಯ ಜೊತೆಯಲ್ಲೇ, 1963ರ ಕಾಲಮಿತಿ ಕಾಯ್ದೆಯ ಕಲಂ 5ರಡಿ ವಿಳಂಬ ಮನ್ನಾ ಅರ್ಜಿಯನ್ನು ಅಫಿಡವಿಟ್ ಸಮೇತ ಸಲ್ಲಿಸಬೇಕು. ಕೇಸು ಉಳಿಯುವುದೂ ಬೀಳುವುದೂ ಈ ಅಫಿಡವಿಟ್ಟಿನಲ್ಲೇ. ‘ಆರೋಗ್ಯ ಸರಿ ಇರಲಿಲ್ಲ, ತಿಳಿವಳಿಕೆ ಇರಲಿಲ್ಲ’ ಎಂಬ ಎರಡು ಸಾಲು ಸಾಲದು. ಒಟ್ಟು ಎಷ್ಟು ದಿನ ತಡ, ಆದೇಶ ಯಾವಾಗ ಗೊತ್ತಾಯಿತು, ಯಾರಿಂದ, ನಂತರ ಏನು ಮಾಡಿದಿರಿ ಎಂಬುದನ್ನೆಲ್ಲ ತಾರೀಖಿನ ಸಮೇತ ಬರೆಸಿ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಗುತ್ತಿಗೆದಾರರ ಹಾಜರಿ ಪುಸ್ತಕದ ಪ್ರತಿ, ರೈಲು ಟಿಕೆಟ್, ಏನಿದ್ದರೂ ಲಗತ್ತಿಸಿ. ಕಾರಣ ಹುಟ್ಟಿದ್ದು ಗಡುವು ಮುಗಿಯುವ ಮೊದಲೇ ಆಗಿರಬೇಕು. 90 ದಿನ ಸುಮ್ಮನಿದ್ದು, 95ನೇ ದಿನ ಕಾಲು ಮುರಿದರೆ ಆ ಪ್ಲಾಸ್ಟರು ಕೇಸಿಗೆ ಆಸರೆಯಾಗದು. ‘ತೊಗರಿ ರಾಶಿ ಇತ್ತು ಸಾಹೇಬ್ರ’ ಎನ್ನುವ ಮಾತೂ ಹಾಗೆಯೇ. ನಮಗೆ ನಿಜ ಅನ್ನಿಸುತ್ತದೆ, ಆದರೆ ಅದೊಂದನ್ನೇ ನಂಬಿ ಹೋಗಬೇಡಿ. ತಡ ಎಷ್ಟು ದಿನ ಎಂಬುದಕ್ಕಿಂತ ಕಾರಣ ಎಷ್ಟು ಗಟ್ಟಿ ಎಂಬುದನ್ನೇ ನ್ಯಾಯಾಲಯ ನೋಡುತ್ತದೆ. ಸುಳ್ಳು ಸರ್ಟಿಫಿಕೇಟಿನ ಸಹವಾಸವಂತೂ ಬೇಡವೇ ಬೇಡ.

ಅರ್ಜಿ ಹಾಕಿದ ಮಾತ್ರಕ್ಕೆ ಹಣ ಕಟ್ಟುವುದು ನಿಲ್ಲದು. ತಡೆಯಾಜ್ಞೆ ಬೇರೆ ಕೇಳಬೇಕು, ಸಿಕ್ಕೇ ಸಿಗುತ್ತದೆಂಬ ಖಾತ್ರಿ ಇಲ್ಲ. ಅಲ್ಲಿಯವರೆಗೆ ಬಾಕಿಗೆ ವಾರಂಟು ಬರಬಹುದು. ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೂ ಜೈಲಿಗೆ ಕಳಿಸಲು ಕೋರ್ಟಿಗೆ ಅಧಿಕಾರವಿದೆ. ಆದಷ್ಟು ಹಣ ಬ್ಯಾಂಕಿನ ಮೂಲಕವೇ ಕಟ್ಟುತ್ತಿರಿ, ರಸೀದಿ ಇಟ್ಟುಕೊಳ್ಳಿ. ಮಗುವಿನ ಹೊಟ್ಟೆ ತಾರೀಖಿಗೆ ಕಾಯುವುದಿಲ್ಲವಲ್ಲ.

ವಕೀಲರ ಫೀಸಿನ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ನೆರವಿದೆ.

ವಿಳಂಬ ಮನ್ನಾ ಆಗದಿದ್ದರೆ ಎಲ್ಲ ಮುಗಿಯಿತೆಂದೂ ಅಲ್ಲ. ಕೆಲಸ ಹೋಗಿದ್ದರೆ, ಸಂಬಳ ಏರಿದ್ದರೆ, ಮಗುವಿನ ಖರ್ಚು ಹೆಚ್ಚಿದ್ದರೆ ಅದೇ ಸುರಕ್ಷಾ ಸಂಹಿತೆಯ ಕಲಂ 146ರಡಿ ಮೊತ್ತ ಬದಲಿಸಿ ಎಂದು ಆದೇಶ ಕೊಟ್ಟ ಕೋರ್ಟನ್ನೇ ಕೇಳಬಹುದು. ಅದಕ್ಕೆ ದಿನದ ಗಡುವಿಲ್ಲ. ಪರಿಸ್ಥಿತಿ ಬದಲಾಗಿದೆ ಎಂಬುದಕ್ಕೆ ಪುರಾವೆ ಇದ್ದರಾಯಿತು.