ಬಿ.ಬಿ. ಕಿಂಗ್ ಕಂಪನ ಬೆರಳಿಗೆ ಒಲಿಸಿಕೊಳ್ಳುವುದು

ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಒಂದು ಸ್ವರ ಹಿಡಿದು ಅಲುಗಿಸಿದರೆ ಸಾಕಿತ್ತು, ಯಾರೆಂದು ಗೊತ್ತಾಗುತ್ತಿತ್ತು. ಆ ಅಲುಗಾಟ ಹುಟ್ಟಿದ್ದು ಕೊರತೆಯಿಂದ. 1925ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದ ಕಿಂಗ್ 1946ರಲ್ಲಿ ಮೆಂಫಿಸ್‌ಗೆ ಹೋಗಿ ತಾಯಿಯ ಕಡೆಯ ನಂಟ, ಬ್ಲೂಸ್ ಗಿಟಾರ್ ವಾದಕ ಬುಕ್ಕಾ ವೈಟ್ ಜೊತೆ ಉಳಿದರು. ವೈಟ್ ಅವರ ಸ್ಲೈಡ್, ಅಂದರೆ ತಂತಿಯ ಮೇಲೆ ಗಟ್ಟಿ ಕೊಳವೆ ಜಾರಿಸಿ ನುಡಿಸುವ ಬಗೆ, ಕಿಂಗ್ ಕೈಗೆ ಹತ್ತಲಿಲ್ಲ. ಅದರ ನಾದವನ್ನು ಬರಿಬೆರಳಲ್ಲೇ ತರಲು ಹೊರಟರು. ಹಾಗಾಗಿ ನುಡಿಸುವ ಮೊದಲು ಕೇಳಿ: ವೈಟ್, ನಂತರ ಕಿಂಗ್ ಮೆಚ್ಚಿದ ಗಿಟಾರ್ ವಾದಕರಾದ ಲೋನಿ ಜಾನ್ಸನ್, ಟಿ-ಬೋನ್ ವಾಕರ್, ಕೊನೆಗೆ ಕಿಂಗ್.

ಚಿಕ್ಕಮಗಳೂರಿನ ಮಳೆಗಾಲದಲ್ಲಿ ಕೈಗಿಂತ ಮೊದಲು ಗಿಟಾರ್ ಕೈಕೊಡುತ್ತದೆ. ಅಕೂಸ್ಟಿಕ್ ಗಿಟಾರಿನ ಮೇಲುಹಲಗೆ ತೇವಕ್ಕೆ ಉಬ್ಬಿ ತಂತಿ ಮೇಲೇರುತ್ತದೆ, ತುಕ್ಕು ಹಿಡಿದ ತಂತಿ ಬೆರಳಡಿ ಜಾರುವುದಿಲ್ಲ. ಮಣ್ಣುಗೋಡೆಗೆ ನೇತುಹಾಕಬೇಡಿ, ಸಿಲಿಕಾ ಜೆಲ್ ಹಾಕಿದ ಪೆಟ್ಟಿಗೆಯಲ್ಲಿಡಿ, ನುಡಿಸಿದ ಮೇಲೆ ತಂತಿ ಒರೆಸಿ. ನೆಕ್ (ಗಿಟಾರಿನ ಉದ್ದ ಹಿಡಿ) ಬಾಗಿದೆಯೇ ಎಂದು ತಿಳಿಯಲು ತಂತಿಯನ್ನು ಒಂದನೇ ಮತ್ತು ಕೊನೆಯ ಫ್ರೆಟ್, ಅಂದರೆ ಹಿಡಿಯ ಮೇಲಿನ ಲೋಹದ ಪಟ್ಟಿ, ಎರಡರಲ್ಲೂ ಒಟ್ಟಿಗೆ ಒತ್ತಿ ನೋಡಿ: ಏಳನೇ ಫ್ರೆಟ್‌ಗೂ ತಂತಿಗೂ ನಡುವೆ ಸುಮಾರು 0.25 ಮಿಲಿಮೀಟರ್ ಸಂದು ಸಾಕು. ಜಾಸ್ತಿಯಿದ್ದರೆ ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಕಾಲು ಸುತ್ತು ಬಿಗಿಮಾಡಿ, ಒಂದು ದಿನ ಕಾದು ಮತ್ತೆ ಅಳೆಯಿರಿ. ಒಂದೇ ಸಲ ಪೂರ್ತಿ ತಿರುಗಿಸಬೇಡಿ. ತಂತಿ 10ರ ಸೆಟ್ (ಅತಿ ತೆಳು ತಂತಿ 0.010 ಇಂಚು) ಇರಲಿ.

ಈಗ ತೆಳು ತಂತಿಯಿಂದ ಎಣಿಸಿದರೆ ಎರಡನೇ ತಂತಿಯ ಹತ್ತನೇ ಫ್ರೆಟ್‌ಗೆ ತೋರುಬೆರಳು. ಅದು ಎ ಸ್ವರ. ಹೆಬ್ಬೆರಳನ್ನು ನೆಕ್‌ನಿಂದ ಬಿಡಿಸಿ, ತೋರುಬೆರಳ ತುದಿ ಮಾತ್ರ ತಂತಿಗೆ ತಾಗಿರಲಿ, ಬೀಗದಲ್ಲಿ ಕೀಲಿ ಆಡಿಸುವಂತೆ ಮಣಿಕಟ್ಟು ತಿರುಗಿಸಿ. ಬಲ ಬೆರಳಿನದಲ್ಲ, ಮಣಿಕಟ್ಟಿನದು. ಮೆಟ್ರೊನೋಮ್ (ಲಯ ಎಣಿಸುವ ಸಾಧನ) ನಿಮಿಷಕ್ಕೆ 60 ಬಡಿತಕ್ಕಿಟ್ಟು ಬಡಿತಕ್ಕೆ ಎರಡು ಅಲುಗು, ಸಮ ಬಂದ ಮೇಲೆ ಮೂರು, ಆಮೇಲೆ ನಾಲ್ಕು. ತಂತಿ ಎಳೆದರೆ ಸ್ವರ ಏರುವುದಷ್ಟೇ, ಇಳಿಯುವುದಿಲ್ಲ. ಪ್ರತಿ ಸಲ ಮೂಲಸ್ಥಾನಕ್ಕೆ ಮರಳದಿದ್ದರೆ ಇಡೀ ಸ್ವರ ಏರುಶ್ರುತಿಯಾಗಿ ಕೇಳುತ್ತದೆ. ವೀಣೆಯ ಗಮಕ ರೂಢಿಯಿದ್ದವರು ಇಲ್ಲೇ ಎಡವುತ್ತಾರೆ: ಅವರ ಎಳೆತ ಅಗಲ, ಕಿಂಗ್ ಕಂಪನ ಕಿರಿದು, ಚುರುಕು.

ಅದೇ ತಂತಿಯ ಹನ್ನೆರಡನೇ ಫ್ರೆಟ್‌ಗೆ ಉಂಗುರದ ಬೆರಳಿಡಿ, ನಡುಬೆರಳು ಹಿಂದೆ ಆಸರೆಯಾಗಿರಲಿ. ಈಗ ಹೆಬ್ಬೆರಳು ನೆಕ್ ಮೇಲೆ ಬರಲಿ, ಎಳೆತಕ್ಕೆ ಹಿಡಿತ ಬೇಕು. ಹದಿನಾಲ್ಕನೇ ಫ್ರೆಟ್‌ನ ಸ್ವರ ಮೊದಲು ಮೀಟಿ ಕೇಳಿ, ಆಮೇಲೆ ಹನ್ನೆರಡರಿಂದ ಅಲ್ಲಿಯವರೆಗೆ ಎಳೆಯಿರಿ. ಕೆಳಗೇ ನಿಂತರೆ ಹುಳಿ, ದಾಟಿದರೆ ಕಿರುಚು.

ಇಷ್ಟು ಬಂದ ಮೇಲೆ ಎ ಸ್ವರದ ಬ್ಲೂಸ್‌ಗೆ, ಅಂದರೆ ತಲಾ ನಾಲ್ಕು ಬಡಿತದ ಹನ್ನೆರಡು ಬಾರ್‌ಗೆ ಹೋಗಿ. ಕಿಂಗ್ ಹಾಡುವಾಗ ಗಿಟಾರ್ ಸುಮ್ಮನಿರುತ್ತಿತ್ತು, ಹಾಡು ನಿಂತಾಗ ಉತ್ತರ ಕೊಡುತ್ತಿತ್ತು. ಸೋಬಾನೆಯಲ್ಲಿ ಒಬ್ಬರು ಎತ್ತಿ ಉಳಿದವರು ಸೊಲ್ಲು ಕೂಡಿಸುವ ಹಾಗೆ. ಎರಡು ಬಾರ್ ಬಾಯಲ್ಲಿ ಏನಾದರೂ ಅನ್ನಿ, ಕನ್ನಡದಲ್ಲೇ ಅನ್ನಿ, ಮುಂದಿನ ಎರಡು ಬಾರ್‌ಗೆ ಮೂರೇ ಸ್ವರಗಳಲ್ಲಿ ಉತ್ತರಿಸಿ, ಕೊನೆಯದನ್ನು ಮಾತ್ರ ಅಲುಗಿಸಿ.