ಬೇರೆಯವರ ಮದುವೆಗೆ ಹೋದಾಗ ನೋಡುವುದು ಹೇಗೆ

ಶಿಕಾರಿಪುರ ಕಡೆಯ ಒಂದು ಲಂಬಾಣಿ ತಾಂಡಾದಲ್ಲಿ ಮದುವೆ. ಸಾಗರದಿಂದ ಕ್ಯಾಮೆರಾ ಹಿಡಿದು ನಾನು ಹೋಗಿದ್ದೆ. ಮದುಮಗಳು ಅಜ್ಜಿಯ ಕೊರಳಿಗೆ ಜೋತುಬಿದ್ದು ಗಟ್ಟಿಯಾಗಿ ಅಳತೊಡಗಿದಳು. ಒಬ್ಬರಾದ ಮೇಲೆ ಒಬ್ಬರನ್ನು ತಬ್ಬಿಕೊಂಡು ಅತ್ತಳು. ಪಾಪ, ಇಷ್ಟವಿಲ್ಲದ ಮದುವೆ ಅಂದುಕೊಂಡೆ. ಅಳುವ ಹುಡುಗಿಯನ್ನು ಹಾಗೆ ತೆಗೆಯುವುದು ಸರಿಯಲ್ಲ ಅಂತ ಕ್ಯಾಮೆರಾ ಇಳಿಸಿದೆ. ಹದಿನೈದು ದಿನ ಬಿಟ್ಟು ವಿಡಿಯೊ ನೋಡಿದ ಅವಳ ತಾಯಿ ಕೇಳಿದ್ದು ಒಂದೇ ಮಾತು: "ಅಣ್ಣಾ, ಢಾವಲೋ ಎಲ್ಲಿ?"

ಢಾವಲೋ ಅಂದರೆ ಲಂಬಾಣಿ ಮದುಮಗಳು ತವರು ಬಿಡುವಾಗ ಅಳುತ್ತಲೇ ಹಾಡುವ ಹಾಡು. ಹಿರಿಯ ಹೆಂಗಸರಿಂದ ಹುಡುಗಿಯರು ಕಲಿತಿರುತ್ತಾರೆ. ಅದರಲ್ಲಿ ದುಃಖ ಇರುತ್ತೆ, ನಿಜ. ಆದರೆ ನಾನು ತಿಳಿದುಕೊಂಡ ದುಃಖ ಬೇರೆ.

ಈಗ ನನ್ನ ಜೊತೆ ಕೆಲಸಕ್ಕೆ ಬರುವ ಹುಡುಗರಿಗೆ ಮೊದಲು ಇದನ್ನೇ ಹೇಳುತ್ತೇನೆ. ಕಣ್ಣಿಗೆ ಕಂಡದ್ದು ಯಾವುದು, ನೀವು ಸೇರಿಸಿದ್ದು ಯಾವುದು, ಬಿಡಿಸಿ ನೋಡಿ. "ಅಳುತ್ತಿದ್ದಾಳೆ" ಅನ್ನೋದು ಕಂಡದ್ದು. "ಒತ್ತಾಯದ ಮದುವೆ" ಅನ್ನೋದು ನಾನು ಸಾಗರದಿಂದ ಹೊತ್ತುಕೊಂಡು ಹೋದದ್ದು.

ಆಮೇಲೆ ಕೇಳಿ. "ಯಾಕೆ ಹೀಗೆ ಮಾಡ್ತೀರಿ?" ಅಂದರೆ ಜನ ಮುದುಡಿಕೊಳ್ಳುತ್ತಾರೆ. "ಇದಕ್ಕೆ ಏನಂತೀರಿ, ಯಾರು ಕಲಿಸಿದ್ರು?" ಅನ್ನಿ, ಮಾತು ತಾನಾಗಿ ಬರುತ್ತೆ. ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತ ಅಜ್ಜಿಯರನ್ನು ಕೇಳಿ. ಬರೀ ಗಂಡಸರನ್ನು ಕೇಳಿದರೆ ಅರ್ಧವೇ ಸಿಗುವುದು. ಹಾಗೆ ಕೇಳಿದಾಗಲೇ ಗೊತ್ತಾಯಿತು, ಲಂಬಾಣಿಗಳು ತಮ್ಮವರನ್ನು ಗೋರ್ ಅಂತಾರೆ, ಹೊರಗಿನವರನ್ನು ಕೋರ್ ಅಂತಾರೆ. ನಾವು ಅವರನ್ನು ನೋಡುವಾಗ ಅವರೂ ನಮ್ಮನ್ನು ನೋಡುತ್ತಿರುತ್ತಾರೆ. ನಮಗೊಂದು ಹೆಸರೂ ಇಟ್ಟಿರುತ್ತಾರೆ.

ನಿಮ್ಮ ಮನೆಯದನ್ನೂ ಒಮ್ಮೆ ದೂರ ನಿಂತು ನೋಡಿ. ನಾವು ಮಲೆನಾಡಿನ ದೀವರ ಜನ. ಭೂಮಿ ಹುಣ್ಣಿಮೆಗೆ ಮನೆ ಹೆಂಗಸರು ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ರಾತ್ರಿಯೆಲ್ಲ ಅಡುಗೆ. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತೇವೆ. ಪೈರು ತುಂಬಿ ನಿಂತ ಭೂಮಿ ನಮಗೆ ಬಸುರಿ, ಅವಳಿಗೆ ಬಯಕೆ ಊಟ. ಬೆಂಗಳೂರಿನ ಗೆಳೆಯನೊಬ್ಬ ಒಂದು ವರ್ಷ ಬಂದವನು, "ಇಷ್ಟು ಅನ್ನ ಸುಮ್ನೆ ಕೆಸರಿಗೆ ಹಾಕ್ತೀರಲ್ಲ, ವೇಸ್ಟ್ ಅಲ್ವಾ?" ಅಂದ. ನಮ್ಮ ಅಮ್ಮನ ಮುಖ ಸಣ್ಣದಾಯಿತು. ಅವನ ಮೇಲೆ ಸಿಟ್ಟು ಬಂತು, ಮರುಗಳಿಗೆ ತಾಂಡಾ ನೆನಪಾಯಿತು. ಅಲ್ಲಿ ನಾನೂ ಇವನ ಹಾಗೇ ನಿಂತಿದ್ದೆ.

ಹಾಗಂತ ಎಲ್ಲವನ್ನೂ ಒಪ್ಪಬೇಕಿಲ್ಲ. ಹುಡುಗಿಗೆ 18 ತುಂಬಿಲ್ಲ ಅಂತ ಗೊತ್ತಾದರೆ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುತ್ತೇನೆ. ನಮ್ಮವರ ಮನೆಯಾದರೂ ಅಷ್ಟೇ. ಪದ್ಧತಿಯಿಂದ ನೋವಾಗುತ್ತಿದೆಯಾ ಅಂತ ಅನುಮಾನ ಬಂದರೆ, ನೋವು ಉಣ್ಣುವವರನ್ನೇ ಕೇಳಬೇಕು. ಅವತ್ತು ನಾನು ಆ ಹುಡುಗಿಯನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಆ ತಾಯಿಗೆ ಢಾವಲೋ ಕೊಡಲು ಆಗಲೇ ಇಲ್ಲ. ಈಗ ತಾಂಡಾದ ಮದುವೆ ಇದ್ದರೆ ಹಿಂದಿನ ಸಂಜೆಯೇ ಹೋಗಿ, ಯಾವುದನ್ನು ಬಿಡಬಾರದು ಅಂತ ಮನೆಯವರನ್ನು ಕೇಳಿಕೊಳ್ಳುತ್ತೇನೆ. ಢಾವಲೋ ಶುರುವಾದರೆ ಜೋರು ಲೈಟ್ ಆರಿಸಿ, ಮೈಕನ್ನು ಹುಡುಗಿಯ ಹತ್ತಿರ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ.