ಅಫಿಡವಿಟ್ಟಿಗೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದದ್ದು

ಜಮೀನಿನ ವ್ಯಾಜ್ಯಕ್ಕೆಂದು ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಗಳಿಂದ ನ್ಯಾಯಾಲಯಕ್ಕೆ ಬರುವವರಲ್ಲಿ ಅನೇಕರು ಅಫಿಡವಿಟ್ಟಿನಲ್ಲಿ, ಎಂದರೆ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆಯಲ್ಲಿ, ಗುಮಾಸ್ತರು ಬೆರಳಿಟ್ಟು ತೋರಿಸಿದಲ್ಲಿ ಹೆಸರು ಬರೆದು ಊರಿನ ಬಸ್ಸು ಹಿಡಿಯುತ್ತಾರೆ. ತೋಟದ ಬೇಲಿಯಲ್ಲಿ ‘ಸಿಗಂದೂರು ಚೌಡೇಶ್ವರಿಯ ಕಾವಲಿದೆ’ ಎಂಬ ಫಲಕ ಕಂಡರೆ ಒಂದು ಅಡಿಕೆಯನ್ನೂ ಮುಟ್ಟದ ಜನ, ದೇವರ ಹೆಸರಿನಲ್ಲಿಯೇ ಮಾಡುವ ಈ ಪ್ರಮಾಣವನ್ನು ಬರೀ ಕಾಗದವೆಂದು ತಿಳಿಯುವುದು ನನಗೆ ನೋವಿನ ಸಂಗತಿ.

ಹೀಗಾಗಲು ಕಾರಣವಿದೆ. ಈ ಕ್ರಮ ನಮ್ಮ ಗುಡಿ, ಕಟ್ಟೆಗಳಿಂದ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ನೋಟರಿಗಳನ್ನು, ಎಂದರೆ ಇಂಥ ಪತ್ರಗಳನ್ನು ದೃಢೀಕರಿಸುವ ಅಧಿಕಾರವುಳ್ಳವರನ್ನು, ನೇಮಿಸುವ ಅಧಿಕಾರವು 1533ರ ಕಾಯಿದೆಯಿಂದ ಪೋಪರ ಕೈತಪ್ಪಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ ಬಂದಿತು. ಭಾರತದ ನೋಟರಿಗಳಿಗೂ ಆ ಧರ್ಮಗುರುವಿನ ಕಚೇರಿಯೇ ಅಧಿಕಾರ ಕೊಡುತ್ತಿದ್ದ ಪದ್ಧತಿ ಸ್ವಾತಂತ್ರ್ಯ ಬಂದ ಮೇಲೂ ಉಳಿದಿದ್ದು, 1952ರ ನೋಟರಿ ಕಾಯಿದೆಯಿಂದ ಆ ಅಧಿಕಾರ ನಮ್ಮ ಸರ್ಕಾರಗಳಿಗೆ ಬಂದಿತು. ಸಾಕ್ಷಿಯ ಪ್ರಮಾಣವೂ ಅಲ್ಲಿ ಬೈಬಲ್ ಮುಟ್ಟಿ ಮಾಡುವಂಥದ್ದಾಗಿತ್ತು. 1740ರ ದಶಕದಲ್ಲಿ ಓಮಿಚಂದ್ ಎಂಬ ಕಲ್ಕತ್ತೆಯ ವರ್ತಕನ ಮೊಕದ್ದಮೆಯಲ್ಲಿ, ಹಿಂದೂಗಳು ತಮ್ಮ ಧರ್ಮದ ರೀತಿಯಲ್ಲಿ ಪ್ರಮಾಣ ಮಾಡಿ ನುಡಿದ ಸಾಕ್ಷ್ಯವೂ ಸಲ್ಲುತ್ತದೆಂದು ಇಂಗ್ಲೆಂಡಿನ ನ್ಯಾಯಾಲಯ ಒಪ್ಪಿತು. ಭಾರತದ 1873ರ ಪ್ರಮಾಣಗಳ ಕಾಯಿದೆಯಡಿ, ಎದುರಾಳಿಯು ತನ್ನ ಧರ್ಮದ ವಿಶೇಷ ಪ್ರಮಾಣ ಮಾಡಿ ಹೇಳಿದ್ದಕ್ಕೆ ತಾನು ಬದ್ಧನೆಂದು ಕಕ್ಷಿದಾರನೊಬ್ಬ ಒಪ್ಪಿದರೆ, ಆ ಮಾತೇ ಅಂತಿಮ ಪುರಾವೆಯಾಗುತ್ತಿತ್ತು. 1969ರ ಪ್ರಮಾಣಗಳ ಕಾಯಿದೆ ಅದನ್ನು ಕೈಬಿಟ್ಟಿತು. ಇದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ, ಏಕೆಂದರೆ ಈಗ ಆಣೆಯ ಜೊತೆಗೆ ಮಾತನ್ನೂ ಪರೀಕ್ಷಿಸಲಾಗುತ್ತದೆ.

ಆದ್ದರಿಂದ ಮೊದಲು ಅಫಿಡವಿಟ್ಟನ್ನು ಕನ್ನಡದಲ್ಲಿಯೇ ಬರೆಯಿಸಿಕೊಳ್ಳಿರಿ. ಅದು ಇಂಗ್ಲಿಷಿನಲ್ಲಿದ್ದರೆ ಪ್ರತಿಯೊಂದು ಪ್ಯಾರಾವನ್ನೂ ಕನ್ನಡದಲ್ಲಿ ಓದಿ ಹೇಳಿಸಿಕೊಂಡು, ಹಾಗೆ ಓದಿ ವಿವರಿಸಲಾಗಿದೆ ಎಂಬ ಷರಾ ಕೊನೆಯಲ್ಲಿ ಇರುವಂತೆ ನೋಡಿಕೊಳ್ಳಿರಿ.

ಓದುವಾಗ ಪ್ರತಿ ವಾಕ್ಯಕ್ಕೂ ‘ಇದು ನನಗೆ ಹೇಗೆ ಗೊತ್ತು’ ಎಂದು ಕೇಳಿಕೊಳ್ಳಬೇಕು. ಎರಡು ಅಡಿಕೆ ತೋಟಗಳ ನಡುವಿನ ಅಗಳದ, ಎಂದರೆ ಕಂದಕದ, ಬಗ್ಗೆ ವ್ಯಾಜ್ಯವಿದೆ ಎಂದುಕೊಳ್ಳೋಣ. ‘ಸದರಿ ಅಗಳವನ್ನು 40 ವರ್ಷಗಳ ಹಿಂದೆ ನಮ್ಮ ತಂದೆಯವರು ತೋಡಿಸಿದ್ದು’ ಎಂದು ಕರಡಿನಲ್ಲಿದ್ದು, ನಿಮಗೆ ಈಗ 42 ವರ್ಷವಾಗಿದ್ದರೆ, ಎದುರಾಳಿಯ ವಕೀಲರು ಮಾಡುವ ಪಾಟೀ ಸವಾಲಿನ ಮೊದಲ ಪ್ರಶ್ನೆಯೇ ನಿಮ್ಮ ವಯಸ್ಸನ್ನು ಕುರಿತದ್ದಾಗಿರುತ್ತದೆ. ‘ನನಗೆ ತಿಳಿವಳಿಕೆ ಬಂದಾಗಿನಿಂದ ಅಗಳ ಅಲ್ಲಿಯೇ ಇದೆ, ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಅದರ ಹೂಳನ್ನು ನಾವೇ ತೆಗೆಸುತ್ತಿದ್ದೇವೆ’ ಎಂಬ ಮಾತನ್ನು ಯಾರೂ ಅಲುಗಾಡಿಸಲಾರರು. ಸಿವಿಲ್ ದಾವೆಯಲ್ಲಿ ನಿಮ್ಮ ಮುಖ್ಯ ವಿಚಾರಣೆ, ಎಂದರೆ ಪಾಟೀ ಸವಾಲಿಗೆ ಮೊದಲು ನಿಮ್ಮ ಕಡೆಯಿಂದ ನೀವು ನುಡಿಯುವ ಸಾಕ್ಷ್ಯ, ಅಫಿಡವಿಟ್ಟಿನ ಮೂಲಕವೇ ನಡೆಯುವುದರಿಂದ, ಅದರಲ್ಲಿ ಬರೆದದ್ದೆಲ್ಲ ನೀವು ನ್ಯಾಯಾಧೀಶರ ಎದುರು ಆಡಿದ ಮಾತೆಂದೇ ಲೆಕ್ಕ.

ನೋಟರಿಯ ಬಳಿಗೆ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಹೋಗಿ, ಅವರ ಕಣ್ಣೆದುರಿನಲ್ಲಿ ಪುಟಪುಟಕ್ಕೂ ಸಹಿ ಹಾಕಿರಿ. ಅವರ ರಿಜಿಸ್ಟರಿನಲ್ಲಿಯೂ ಸಹಿ ಮಾಡಿ, ಮೊಹರು, ತಾರೀಖು, ಕ್ರಮಸಂಖ್ಯೆ ಬಿದ್ದಿವೆಯೇ ಎಂದು ನೋಡಿರಿ. ಖಾಲಿ ಹಾಳೆಗೆ ಮಾತ್ರ ಎಂದಿಗೂ ಸಹಿ ಬೇಡ.

ಕಟಕಟೆಯಲ್ಲಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಲು ಇಷ್ಟವಿಲ್ಲದವರು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು, ಎರಡಕ್ಕೂ ಬೆಲೆ ಒಂದೇ. ನ್ಯಾಯಾಲಯದ ನಡವಳಿಯಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ನುಡಿದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಡಿ 7 ವರ್ಷಗಳವರೆಗೆ ಸೆರೆವಾಸವನ್ನೂ 10,000 ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದು. ಅಫಿಡವಿಟ್ಟಿನಲ್ಲಿ ತಪ್ಪಾಗಿರುವುದು ಸಹಿ ಹಾಕಿದ ಮೇಲೆ ಕಂಡುಬಂದರೆ, ಅಂದೇ ವಕೀಲರಿಗೆ ತಿಳಿಸಿ, ಪಾಟೀ ಸವಾಲು ಆರಂಭವಾಗುವುದಕ್ಕೆ ಮುಂಚೆಯೇ ಅದನ್ನು ನ್ಯಾಯಾಧೀಶರ ಗಮನಕ್ಕೆ ತರಬೇಕೆಂದು ಕೇಳಿಕೊಳ್ಳಿರಿ.